ಮೂಗು ಸತ್ತ ಮೂರು ತಿಂಗಳು

ಏಪ್ರಿಲ್ 4, ಸೋಮವಾರ

ಈ ಮನೆಯಲ್ಲಿ ಓದಬಲ್ಲವಳು ನಾನೊಬ್ಬಳೇ. ಅಮ್ಮನಿಗೆ ಒಂಬತ್ತು ವರ್ಷದಿಂದ ಕಣ್ಣಿಲ್ಲ. ಹಾಗಾಗಿ ಈ ಪುಸ್ತಕದಲ್ಲಿ ನಿಜ ಬರೆದರೆ ಅಪಾಯವಿಲ್ಲ. ಬಾಯಿಬಿಟ್ಟು ಹೇಳಿದರೆ ಅಕ್ಕಪಕ್ಕದವರಿಗೆಲ್ಲ ಕೇಳುತ್ತದೆ, ನಮ್ಮದು ಹಲಗೆ ಗೋಡೆ.

ನಿಜ ಏನೆಂದರೆ, ನನಗೆ ವಾಸನೆ ತಿಳಿಯುತ್ತಿಲ್ಲ. ಮಾರ್ಚ್‌ನಲ್ಲಿ ಐದು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕಟ್ಟಿಕೊಂಡು ಹೋಯಿತು. ಮೊದಲು ನೆಗಡಿ ಅಂದುಕೊಂಡೆ. ಮೂರು ವಾರವಾಯಿತು. ಬೆಳಗಿನ ಕಾಫಿ ಅಂದರೆ ಬರೀ ಕರಿ ಬಿಸಿನೀರು.

ಬೇರೆಯವರಿಗಾದರೆ ಇದೇನು ದೊಡ್ಡ ವಿಷಯವಲ್ಲ. ನಾನು ಓಸ್ಕರೀನಾ, ವೇರೊಪೇಜು ಮಾರ್ಕೆಟ್ಟಿನ ಸೊಪ್ಪಿನ ಸಾಲಿನಲ್ಲಿ ಪರಿಮಳದ ಸ್ನಾನದ ನೀರು ಮಾರುವವಳು. ಅಜ್ಜಿ ಕೂತ ಜಾಗದಲ್ಲಿ ಅಮ್ಮ ಕೂತಳು, ಅಮ್ಮ ಕೂತ ಜಾಗದಲ್ಲಿ ನಾನು ಕೂತೆ. ಜೂನ್‌ನಲ್ಲಿ ಸಂತ ಜೋವಾನನ ಹಬ್ಬಕ್ಕೆ ಬೆಲೇಂ ಪಟ್ಟಣದ ಅರ್ಧ ಜನ ನನ್ನ ನೀರನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಮೂಗಿಲ್ಲದವಳ ಕೈಯಿಂದ ಪರಿಮಳ ಯಾರು ಕೊಳ್ಳುತ್ತಾರೆ? ಗೊತ್ತಾದರೆ ಮುಗಿಯಿತು, ಅಂಗಡಿಯೂ ಹೋಯಿತು, ನಾನೂ ಹೋದೆ.

ಹಬ್ಬಕ್ಕೆ ಇನ್ನು ಎಂಬತ್ತು ದಿನ. ಅಷ್ಟರಲ್ಲಿ ಬಂದೇ ಬರುತ್ತದೆ, ಬರಲೇಬೇಕು.

ಏಪ್ರಿಲ್ 8, ಶುಕ್ರವಾರ

ಕಣ್ಣು, ಕೈ, ನೆನಪು ಈ ಮೂರರಿಂದಲೇ ಕೆಲಸ ನಡೆಸುತ್ತಿದ್ದೇನೆ. ಎಲೆ ಉಜ್ಜಿ ಮೂಗಿನ ಹತ್ತಿರ ಹಿಡಿಯುತ್ತೇನೆ, ಕಣ್ಣು ಮುಚ್ಚುತ್ತೇನೆ, "ಆಹಾ" ಅನ್ನುತ್ತೇನೆ. ಗಿರಾಕಿಗಳು ತಲೆದೂಗುತ್ತಾರೆ. ನಾಟಕದ ಕಂಪನಿ ಸೇರಬೇಕಿತ್ತು ನಾನು.

ಹೆದರಿಕೆ ಇರುವುದು ಪಕ್ಕದ ಅಂಗಡಿಯ ಯೊಲೇಚಿಯದು. ಅವಳಿಗೂ ನನಗೂ ಮಾತು ನಿಂತು ಹನ್ನೊಂದು ವರ್ಷವಾಯಿತು. ನಮ್ಮ ಸಾಲಿನಲ್ಲಿ ಒಂದು ಕಟ್ಟಳೆ ಉಂಟು: ಒಬ್ಬಳ ಅಂಗಡಿ ಮುಂದೆ ನಿಂತ ಗಿರಾಕಿಯನ್ನು ಇನ್ನೊಬ್ಬಳು ಕರೆಯಬಾರದು. ಅವಳು ಕರೆದಳು. ಮದುವೆ ಹುಡುಗಿ ನನ್ನ ಮುಂದೆ ನಿಂತಿದ್ದಾಗ "ಇಲ್ಲಿ ಬಾಮ್ಮ, ಇಲ್ಲಿ ತಾಜಾ ಇದೆ" ಅಂದಳು. ನಾನು ಒಂದು ಬಕೆಟ್ಟು ಸ್ನಾನದ ನೀರನ್ನು ಅವಳ ತಲೆಗೆ ಸುರಿದೆ. ಎರಡು ದಿನ ಇಡೀ ಸಾಲು ಘಮಘಮ ಅನ್ನುತ್ತಿತ್ತು. ಆಮೇಲೆ ಮಾತಿಲ್ಲ.

ಮಾತಿಲ್ಲ ಅಂದರೆ ನೇರವಾಗಿ ಇಲ್ಲ. ಮೀನಿನ ಕರುಳಿಗೆ ಬಂದು ಮಾಡಿನ ಮೇಲೆ ಕೂರುವ ರಣಹದ್ದುಗಳಿಗೆ ಹೇಳುವ ಹಾಗೆ ನನಗೆ ಹೇಳುತ್ತಾಳೆ. ಇವತ್ತೂ ಶುರುವಾಯಿತು.

"ಕೇಳಿದ್ಯಾ ಹದ್ದಣ್ಣ, ಕೆಲವರ ಎಣ್ಣೆ ಕೆಟ್ಟು ಮೂರು ದಿನದ ಮೀನಿನ ಹಾಗೆ ನಾರ್ತಿದೆ. ಆದ್ರೂ ಮುಂದೆ ಇಟ್ಕೊಂಡು ಕೂತಿದ್ದಾರೆ, ದೇವರ ಪಟದ ಹಾಗೆ!"

ಹೊಟ್ಟೆಕಿಚ್ಚು, ಮತ್ತೇನಲ್ಲ. ಆದರೂ ಸಂಜೆ, ನೀರಿನ ಜೊತೆ ಮಾರಲು ಇಟ್ಟಿದ್ದ ಆ ಎಣ್ಣೆ ಚೆಲ್ಲಿದೆ. ಅವಳು ಅಂದಳು ಅಂತ ಅಲ್ಲ. ನನಗೇ ಚೆಲ್ಲಬೇಕು ಅನಿಸಿತ್ತು.

ಏಪ್ರಿಲ್ 12, ಮಂಗಳವಾರ

ಇವತ್ತು ಅಂಗಡಿ ತೆರೆಯುವ ಮೊದಲು ನೀರಿನ ದಂಡೆಯುದ್ದಕ್ಕೂ ನಡೆದೆ. ಎಲ್ಲಾದರೂ ಒಂದು ಎಳೆ ವಾಸನೆ ಸಿಗಲಿ ಅಂತ. ಬೆಳಕು ಹರಿಯುವಾಗ ದೋಣಿಗಳಿಂದ ಮೀನು ಇಳಿಸುವ ಕಲ್ಲುಕಟ್ಟೆಗೆ ಹೋಗಿ ಬುಟ್ಟಿಗಳ ಮೇಲೆ ಬಗ್ಗಿದೆ. ಮೀನಿನವನು "ಏನಕ್ಕಾ, ಮುತ್ತು ಕೊಡ್ತೀಯಾ ಅದಕ್ಕೆ?" ಅಂದ. ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ. ವಾಸನೆ ಮಾತ್ರ ಇಲ್ಲ.

ಮಾಂಸ ಮಾರುವ ಕಟ್ಟಡದೊಳಗೆ ಹೋದೆ, ಇಲ್ಲ. ಅಸಾಯಿ ಹಣ್ಣಿನ ಬುಟ್ಟಿ ಇಳಿಸುವ ಕಡೆ ಹೋದೆ, ಇಲ್ಲ. ನೀರು ಇಳಿದಿದ್ದರಿಂದ ದಂಡೆಯ ಕೆಸರು ಬಾಯಿ ತೆರೆದುಕೊಂಡಿತ್ತು. ಪ್ರವಾಸಿಗರು ಕರವಸ್ತ್ರ ಹಿಡಿದು ಓಡುವ ಜಾಗ ಅದು. ನಾನು ಅಲ್ಲಿ ನಿಂತು ಎದೆ ತುಂಬ ಉಸಿರೆಳೆದೆ. ಗಾಳಿ ಬಂತು, ಬರೀ ಗಾಳಿ.

ಹಳೆಯ ಬಂದರಿನ ಗೋದಾಮುಗಳನ್ನು ಗಾಜು ಹಾಕಿ ಹೋಟೆಲು ಮಾಡಿದ್ದಾರಲ್ಲ, ಅದರಾಚೆ ಒಬ್ಬಳು ಟಕಕಾ ಮಾರುತ್ತಾಳೆ. ಒಂದು ಸೋರೆಬುರುಡೆ ತುಂಬ ಬಿಸಿಬಿಸಿ ಹುಳಿ ಸಾರು, ಸಿಗಡಿ ಹಾಕಿದ್ದು, ಕುಡಿದೆ. ಅದರೊಳಗಿನ ಜಂಬು ಸೊಪ್ಪಿಗೆ ನಾಲಗೆ ಜುಮ್ಮೆಂದಿತು. ಆ ಜುಮ್ಮು ಬಿಟ್ಟರೆ ಬೇರೇನೂ ಇಲ್ಲ. ಬುರುಡೆ ಕೈಯಲ್ಲಿ ಹಿಡಿದು ಅತ್ತುಬಿಟ್ಟೆ. ಅವಳು "ಖಾರ ಜಾಸ್ತಿ ಆಯ್ತಾಮ್ಮ?" ಅಂದಳು. ಹೂಂ ಅಂದೆ.

ಏಪ್ರಿಲ್ 13

ಏನೂ ಇಲ್ಲ.

ಏಪ್ರಿಲ್ 26, ಮಂಗಳವಾರ

ಡಾಕ್ಟರ ಹತ್ತಿರ ಹೋಗಿದ್ದೆ. ದೂರದ ಬಡಾವಣೆಯ ಡಾಕ್ಟರು, ನಮ್ಮ ಕಡೆಯವರು ಯಾರೂ ಅಲ್ಲಿಗೆ ಹೋಗುವುದಿಲ್ಲ. ಚಿಕ್ಕ ಹುಡುಗಿ, ಒಳ್ಳೆಯವಳು. ದೀಪ ಹಾಕಿ ಮೂಗಿನೊಳಗೆ ನೋಡಿದಳು.

"ಜ್ವರದಲ್ಲಿ ನರಕ್ಕೆ ಪೆಟ್ಟಾಗಿದೆ ದೋನಾ ಓಸ್ಕರೀನಾ. ಬರಬಹುದು, ಬರದೇನೂ ಇರಬಹುದು."

"ಯಾವಾಗ ಬರುತ್ತೆ?"

"ಅದನ್ನ ಯಾರೂ ಹೇಳೋಕಾಗಲ್ಲ. ದಿನಾ ಏನಾದ್ರೂ ಮೂಸಿ ನೋಡ್ತಾ ಇರಿ. ನಿಂಬೆಹಣ್ಣು, ಲವಂಗ... ಅಂದ ಹಾಗೆ ನೀವು ಏನು ಕೆಲಸ ಮಾಡ್ತೀರಿ?"

"ಬಟ್ಟೆ ಹೊಲೀತೀನಿ" ಅಂದೆ.

ಮೇ 1, ಭಾನುವಾರ

ಮೂಸಿ ನೋಡು ಅಂದಳಲ್ಲ, ಹಾಗಾಗಿ ದೋಣಿ ಹತ್ತಿ ಕೊಂಬು ದ್ವೀಪಕ್ಕೆ ಹೋದೆ. ಅರ್ಧ ಗಂಟೆಯೂ ಇಲ್ಲ. ಅಲ್ಲಿ ಹೆಂಗಸರು ಕೋಕೋ ಹುರಿದು ಕುಟ್ಟಿ ಉಂಡೆ ಕಟ್ಟುತ್ತಾರೆ. ದೋಣಿಯಿಂದ ಇಳಿಯುವ ಮೊದಲೇ ಘಮ ಬಂದು ಎದುರುಗೊಳ್ಳಬೇಕು. ದೋಣಿಯಲ್ಲಿದ್ದ ಒಂದು ಮಗು "ಅಮ್ಮಾ, ಚಾಕಲೇಟು!" ಎಂದು ಕಿರುಚಿತು. ನಾನು ಆ ಮಗುವಿನ ಮುಖ ನೋಡಿದೆ. ದೇವರಾಣೆ, ಮಗುವಿನ ಮೇಲೆ ಹೊಟ್ಟೆಕಿಚ್ಚುಪಟ್ಟ ಪಾಪಿ ನಾನು.

ಹುರಿಯುವ ಬಾಣಲೆ ಮೇಲೆ ಬಗ್ಗಿ ಬಗ್ಗಿ ಕೆನ್ನೆ ಕೆಂಪಾಯಿತು. ಕೋಕೋ ಹುರಿಯುವವಳು "ಸಾಕು ಬಿಡಕ್ಕಾ, ಮೂಗು ಬೆಂದೀತು" ಅಂದಳು. ಬೇಯಲಿ ಅಂದುಕೊಂಡೆ, ಇದ್ದರೇನು ಬೆಂದರೇನು.

ಮೇ 11, ಬುಧವಾರ

ಇವತ್ತು ಸಿಕ್ಕಿಬೀಳುತ್ತಿದ್ದೆ. ಒಲೆ ಮೇಲೆ ಹುರುಳಿ ಇಟ್ಟು ಇಲ್ಲೇ ಪಕ್ಕದಲ್ಲಿ ಬೇರು ಹೆರೆಯುತ್ತ ಕೂತಿದ್ದೆ. ಒಳಕೋಣೆಯಿಂದ ಅಮ್ಮ ಕೂಗಿದಳು.

"ಲೇ, ಪಾತ್ರೆ ಸೀದು ಕರಕಲಾಗ್ತಿದೆ, ಎಲ್ಲಿ ಸತ್ತಿದ್ದೀಯೆ?"

"ಹಿತ್ತಿಲಲ್ಲಿದ್ದೆ ಅಮ್ಮ."

"ಹಿತ್ತಿಲಲ್ಲಾ? ಹೆರೆಮಣೆ ಸದ್ದು ಅಡುಗೆಮನೇಲಿ ಕೇಳ್ತಿತ್ತು."

"ಈಗ ತಾನೆ ಒಳಗೆ ಬಂದೆ."

ಅಮ್ಮ ಸುಮ್ಮನಾದಳು. ನಮ್ಮಮ್ಮ ಫಿಲೊಮೆನಾ ಸುಮ್ಮನಾದರೆ ಅದು ಒಳ್ಳೆಯದಲ್ಲ ಅಂತ ನಮ್ಮ ಸಾಲಿನಲ್ಲಿ ಎಲ್ಲರಿಗೂ ಗೊತ್ತು. ಎಂಬತ್ತನಾಲ್ಕು ವರ್ಷ, ಕಣ್ಣಿಲ್ಲ. ಮೂಗು ಮಾತ್ರ ಬೇಟೆನಾಯಿಯದು. ಬಾಗಿಲಲ್ಲಿ ನಿಂತವರು ಬೆಳಿಗ್ಗೆ ಏನು ತಿಂದರು ಅಂತ ಹೇಳುತ್ತಾಳೆ.

ಪ್ರತಿ ವರ್ಷ ಹಬ್ಬದ ಮುನ್ನಾದಿನ ಅವಳಿಗೆ ನಾನೇ ಸ್ನಾನ ಮಾಡಿಸಬೇಕು. ಆ ವರ್ಷದ ನನ್ನ ನೀರಿಗೆ ಅವಳು ಅಂಕ ಕೊಡುತ್ತಾಳೆ. ಹೋದ ವರ್ಷ "ಪರವಾಗಿಲ್ಲ" ಅಂದಿದ್ದಳು. ಅಷ್ಟು ಹೊಗಳಿಕೆ ನನ್ನ ಮದುವೆಯ ದಿನವೂ ಸಿಕ್ಕಿರಲಿಲ್ಲ. ಈ ವರ್ಷ ಆ ಮೂಗಿನ ಮುಂದೆ ಹೇಗೆ ನಿಲ್ಲಲಿ?

ಮೇ 20, ಶುಕ್ರವಾರ

ಇವತ್ತು ಯೊಲೇಚಿಗೆ ಸರಿಯಾಗಿ ಮಾಡಿದೆ!

ನಮ್ಮ ಸಾಲಿಗೆ ಸರಕು ತರುವ ವಾಲ್ದೆಸೀರ್, ಅಕರಾ ಹೊಳೆಯ ಕಡೆಯಿಂದ ದೋಣಿ ತುಂಬ ಸೊಪ್ಪು, ಪ್ರಿಪ್ರಿಯೋಕಾ ಗೆಡ್ಡೆ ತಂದಿದ್ದ. ಸ್ನಾನದ ನೀರಿಗೆ ಜೀವ ಕೊಡುವುದು ಆ ಗೆಡ್ಡೆಯೇ. ಉಳಿದ ಸೊಪ್ಪೆಲ್ಲ ಪರಿವಾರ, ಗೆಡ್ಡೆ ರಾಣಿ. ಅವನು ಚೀಲ ಬಿಚ್ಚಿದ್ದೇ ತಡ, ಯೊಲೇಚಿ ಮಾಡಿನ ಕಡೆ ತಿರುಗಿದಳು.

"ಹದ್ದಣ್ಣ, ಆ ಮೂಲೇ ಚೀಲದಲ್ಲಿರೋದು ಬರೀ ಹುಲ್ಲುಗೆಡ್ಡೆ ಕಣೋ. ಮುಟ್ಟಬೇಡಿ ಅಂತ ಬುದ್ಧಿ ಇರೋರಿಗೆ ಹೇಳು."

ಓಹೋ, ಅಂದುಕೊಂಡೆ. ನಾನು ಬಿಟ್ಟರೆ ನೀನು ಬಾಚಿಕೊಳ್ಳಬೇಕು ಅಂತಲ್ಲವೇ? ನಾನೇನು ನಿನ್ನೆ ಹುಟ್ಟಿದವಳಾ? ಗೆಡ್ಡೆ ನೋಡಿದೆ. ಕೆಂಪಗೆ, ಗುಂಡಗೆ, ಮಣ್ಣು ಮೆತ್ತಿಕೊಂಡು ಸರಿಯಾಗೇ ಇತ್ತು. "ಆ ಚೀಲ ಪೂರ್ತಿ ನನಗೆ" ಅಂದೆ. ವಾಲ್ದೆಸೀರ್ ಬಾಯಿ ತೆರೆದ, ಮುಚ್ಚಿದ. ಯೊಲೇಚಿ ಹಣೆ ಹಣೆ ಚಚ್ಚಿಕೊಂಡಳು. ಅದನ್ನು ನೋಡಿ ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಅರವತ್ತು ಬಾಟಲಿ ಆಗುತ್ತದೆ. ಹಬ್ಬಕ್ಕೆ ಸಾಕು.

ಜೂನ್ 3, ಶುಕ್ರವಾರ

ವಾಲ್ದೆಸೀರ್ ಬಂದಿದ್ದ, ಟೋಪಿ ಕೈಯಲ್ಲಿ ಹಿಡಿದು.

"ಅಕ್ಕಾ, ಆ ಚೀಲ... ನನ್ನ ಭಾವ ಬೇಲಿಯಾಚೆ ಅಗೆದುಬಿಟ್ಟಿದ್ದನಂತೆ. ಹುಲ್ಲಿನ ಗೆಡ್ಡೆ. ನೀವು ಮೂಸಿ ನೋಡಿ ಬಿಸಾಕ್ತೀರಿ ಅಂದ್ಕೊಂಡಿದ್ದೆ. ಯಾವಾಗ್ಲೂ ಮೊದಲು ಮೂಸ್ತಿದ್ರಲ್ಲ ನೀವು."

"ಗೊತ್ತಿತ್ತು ಬಿಡು, ಬೇರೆ ಕೆಲಸಕ್ಕೆ ತಗೊಂಡೆ" ಅಂದೆ. "ಒಳ್ಳೇ ಗೆಡ್ಡೆ ಇದ್ರೆ ತಾ." ಅವನು ತಲೆ ಕೆರೆದುಕೊಂಡ. ಈ ವರ್ಷದ ಬೆಳೆಯೆಲ್ಲ ಮಾರಿ ಮುಗಿದಿದೆಯಂತೆ, ಇನ್ನು ಆಗಸ್ಟಿಗೇ.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅರವತ್ತು ಬಾಟಲಿ ಹುಲ್ಲಿನ ನೀರು ಸಾಲಾಗಿ ನಿಂತಿದೆ. ಜನ ಅದನ್ನು ನಂಬಿ ತಲೆಗೆ ಸುರಿದುಕೊಳ್ಳುತ್ತಾರೆ. ಕೆಲಸ ಸಿಗಲಿ, ಮಗು ಹುಟ್ಟಲಿ, ಬಿಟ್ಟು ಹೋದವನು ತಿರುಗಿ ಬರಲಿ ಅಂತ.

ಮಾರುತ್ತೇನೆ. ಬೇರೆ ದಾರಿ ಇಲ್ಲ. ಅಜ್ಜಿ ಇದ್ದಿದ್ದರೆ ನನ್ನ ಕೆನ್ನೆಗೆ ಬಾರಿಸುತ್ತಿದ್ದಳು.

ಜೂನ್ 12, ಭಾನುವಾರ

ಮೊಸ್ಕೇರು ದ್ವೀಪಕ್ಕೆ ಹೋಗಿ ಬಂದೆ. ಬಸ್ಸಿನಲ್ಲಿ ಎರಡು ತಾಸು. ಅಲ್ಲೊಬ್ಬ ಮುದುಕ ಮಂತ್ರ ಹಾಕುತ್ತಾನಂತೆ, ಸತ್ತ ನರ ಎಬ್ಬಿಸುತ್ತಾನಂತೆ. ಹೋದ ವಾರ ಬಸ್ಸಿನಲ್ಲಿ ಪಕ್ಕ ಕೂತಿದ್ದ ಯಾರೋ ಹೇಳಿದ್ದನ್ನು ನಂಬಿ ಹೋಗುವ ಸ್ಥಿತಿಗೆ ಬಂದಿದ್ದೇನೆ.

ಮುದುಕ ದಪ್ಪ ಸುರುಟು ಹಚ್ಚಿ ನನ್ನ ಎರಡೂ ಹೊಳ್ಳೆಗೆ ಹೊಗೆ ಊದಿದ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಯಿತು. "ಬಂತಾ?" ಅಂದ. "ಇಲ್ಲ" ಅಂದೆ. ಇನ್ನೊಮ್ಮೆ ಊದಿದ. "ಈಗ?" "ಇಲ್ಲ." ಮೂರನೇ ಸಲ ಅವನೇ ಸುಸ್ತಾಗಿ ಕುರ್ಚಿಗೆ ಒರಗಿದ. "ಹೋಗಮ್ಮ, ನಿನ್ನ ಮೂಗಿಗೆ ನನ್ನ ಸಂತರಿಗಿಂತ ಹಟ ಜಾಸ್ತಿ" ಅಂದ.

ದಂಡೆಗೆ ಹೋಗಿ ಕೂತೆ. ಅಲ್ಲಿ ಹೊಳೆಗೇ ಸಮುದ್ರದಂತೆ ಅಲೆ. ಜನ ತೆಂಗಿನಕಾಯಿ ತುಂಬಿದ ಟಪಿಯೋಕಾ ದೋಸೆ ತಿನ್ನುತ್ತ ನಗುತ್ತಿದ್ದರು. ಮೊಣಕಾಲು ಮುಳುಗುವವರೆಗೆ ನೀರಿಗೆ ಇಳಿದೆ. ಮುಂದೆ ಹೋದರೆ ಸೊಂಟ, ಆಮೇಲೆ ಎದೆ, ಆಮೇಲೆ ಚಿಂತೆಯೇ ಇಲ್ಲ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಮ್ಮನಿಗೆ ಸಂಜೆ ಗಂಜಿ ಕೊಡುವವರು ಯಾರು ಅಂತ ನೆನಪಾಯಿತು. ಅಷ್ಟಕ್ಕೇ ತಿರುಗಿ ಬಂದೆ, ಬೇರೇನೂ ಕಾರಣವಿಲ್ಲ.

ಜೂನ್ 13, ಸೋಮವಾರ

ಯೊಲೇಚಿ ನನ್ನ ಅಂಗಡಿಗೆ ಕೈ ಹಾಕಿದ್ದಾಳೆ!

ಟಾರ್ಪಾಲಿನ ಗಂಟು ನಾನು ಹಾಕಿದ್ದಲ್ಲ. ನಾನು ಎಡಕ್ಕೆ ಸುತ್ತುತ್ತೇನೆ, ಇದು ಬಲಕ್ಕೆ ಸುತ್ತಿತ್ತು. ಬಾಟಲಿ ಎಣಿಸಿದೆ, ಅರವತ್ತೂ ಇವೆ. ಆದರೆ ಪ್ರತಿ ಬಾಟಲಿಯಲ್ಲೂ ನೀರು ಕತ್ತಿನವರೆಗೆ ಏರಿದೆ. ಬಣ್ಣವೂ ಸ್ವಲ್ಪ ಕೆಂಪಾಗಿದೆ. ಕೊಳಚೆ ಬೆರೆಸಿದ್ದಾಳೆ ರಂಡೆ, ನನ್ನ ಹೆಸರು ಹಾಳಾಗಲಿ ಅಂತ. ಹುಲ್ಲಿನ ನೀರಿಗೆ ಕೊಳಚೆ ಬೆರೆತರೆ ನಷ್ಟವೇನು ಅಂತ ಆಮೇಲೆ ಹೊಳೆಯಿತು. ನಗುವೂ ಬಂತು, ಅಳುವೂ ಬಂತು.

ಜಗಳ ತೆಗೆಯಲು ಎದ್ದೆ. ಆದರೆ ಏನಂತ ಕೇಳಲಿ? "ಏನು ಬೆರೆಸಿದೆ?" ಅಂದರೆ "ಮೂಸಿ ನೋಡು" ಅಂತಾಳೆ. ಕೂತೆ.

ಜೂನ್ 17, ಶುಕ್ರವಾರ

ಜನಕ್ಕೆ ಬುದ್ಧಿ ಇಲ್ಲ. ಬುಧವಾರ ಒಂದು ಬಾಟಲಿ ಒಯ್ದವಳು ಇವತ್ತು ಅತ್ತಿಗೆ ನಾದಿನಿಯರನ್ನು ಕರೆತಂದು ಆರು ಒಯ್ದಳು. "ಅಬ್ಬಬ್ಬಾ! ಈ ವರ್ಷದ ಹಾಗೆ ಯಾವ ವರ್ಷವೂ ಇರ್ಲಿಲ್ಲ ಕಣಮ್ಮ" ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಹುಲ್ಲಿನ ನೀರು! ನಲವತ್ತು ವರ್ಷ ಬೆವರು ಸುರಿಸಿ ಮಾಡಿದ್ದಕ್ಕೆ ಯಾರೂ ಹೀಗೆ ಅಂದಿರಲಿಲ್ಲ. ಇಷ್ಟು ದಿನ ನನ್ನ ಮೂಗು ಯಾರಿಗಾಗಿ ದುಡಿಯಿತು ಹಾಗಾದರೆ?

ಹಬ್ಬ ಹತ್ತಿರ ಬಂತು. ಯೊಲೇಚಿ ಎರಡು ದಿನದಿಂದ ಅಂಗಡಿಗೆ ಬಂದಿಲ್ಲ, ಕೆಮ್ಮಂತೆ. ಪೀಡೆ ತೊಲಗಿತು ಅಂದುಕೊಂಡಿದ್ದೆ. ಆದರೆ ಸೊಪ್ಪಿನವರು ಬಂದು ಕಟ್ಟು ಬಿಚ್ಚಿದಾಗ ಯಾವುದು ತೆಗೆದುಕೊಳ್ಳಲಿ ಯಾವುದು ಬಿಡಲಿ ತಿಳಿಯಲೇ ಇಲ್ಲ. ಮಾಡಿನ ಮೇಲೆ ಹದ್ದು ಸುಮ್ಮನೆ ಕೂತಿತ್ತು. ಏನೂ ಕೊಳ್ಳದೆ ಎದ್ದು ಬಂದೆ. ಸೆಕೆ ಜಾಸ್ತಿ ಇವತ್ತು, ಅದಕ್ಕೇ ಇರಬೇಕು.

ಅವಳ ಅಂಗಡಿಯ ಟಾರ್ಪಾಲು ಗಾಳಿಗೆ ಹಾರುತ್ತಿತ್ತು. ಕಟ್ಟಿ ಬಂದೆ. ಹಾರಿ ನನ್ನ ಬಾಟಲಿಗೆ ಬಡಿದೀತು ಅಂತ.

ಜೂನ್ 23, ಗುರುವಾರ

ಅಮ್ಮ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ಬೆಳಿಗ್ಗೆಯೇ ನಾಲ್ಕು ಬಾಟಲಿ ಬೋಗುಣಿಗೆ ಸುರಿದು ಸೊಪ್ಪು ಹಿಸುಕಿ ಬಿಸಿಲಿಗಿಟ್ಟಿದ್ದೆ. ಸಂಜೆ ಅಮ್ಮನನ್ನು ಹಿತ್ತಿಲ ಸ್ಟೂಲಿನ ಮೇಲೆ ಕೂರಿಸಿದೆ. ಇವತ್ತು ನನ್ನ ಕತೆ ಮುಗಿಯಿತು ಅಂತ ಗೊತ್ತಿತ್ತು. ಮೊದಲ ಚೊಂಬು ತಲೆಗೆ ಹಾಕಿದೆ. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಮಣಿಕಟ್ಟು ಹಿಡಿದಳು.

"ನಿಲ್ಲು." ಒದ್ದೆ ಅಂಗೈಯನ್ನು ಮೂಗಿಗೆ ಹಿಡಿದಳು. ಎಷ್ಟೋ ಹೊತ್ತು ಹಿಡಿದಳು. "ಇದರಲ್ಲಿ ಹಳೇ ಪ್ರಿಪ್ರಿಯೋಕಾ ಇದೆ. ಎರಡು ವರ್ಷ ಸಾರಾಯಿಯಲ್ಲಿ ನೆನೆದದ್ದು."

"ಹೂಂ ಅಮ್ಮ."

"ಏನು ಹೂಂ? ನಮ್ಮನೇಲಿ ಅದೆಲ್ಲಿತ್ತು? ನಾವು ಯಾವತ್ತು ವರ್ಷ ದಾಟಿ ಇಟ್ಟಿದ್ದೀವಿ? ಅಷ್ಟು ತಾಳ್ಮೆ ಆ ಸಾಲಿನಲ್ಲಿ ಇರೋದು ಒಬ್ಬಳಿಗೇ. ಯೊಲೇಚಿಯ ಕೈ ಇದು. ಕದ್ಯಾ?"

"ಇಲ್ಲ."

"ಕೊಂಡ್ಯಾ?"

"ಇಲ್ಲಮ್ಮ."

"ಮತ್ತೆ ಹೇಗೆ ಬಂತು? ಕಾಲಿತ್ತಾ ಅದಕ್ಕೆ?"

ಬಲಕ್ಕೆ ಸುತ್ತಿದ ಗಂಟು, ಏರಿದ ನೀರು, ಆ ಕೆಂಪು ಬಣ್ಣ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಅರವತ್ತು ಬಾಟಲಿಗೂ ಬೆರೆಸಿದ್ದಾಳೆ. ಎರಡು ವರ್ಷ ಕೂಡಿಟ್ಟಿದ್ದೆಲ್ಲ ಹೋಗಿರಬೇಕು. ನಾನು ಒದ್ದೆ ನೆಲದ ಮೇಲೆ ಕೂತೆ. ಮಾರ್ಚ್‌ನಿಂದ ಆದದ್ದೆಲ್ಲ ಹೇಳಿದೆ. ಮೊಸ್ಕೇರಿನ ನೀರಿನದೂ ಹೇಳಿದೆ.

ಅಮ್ಮ ತಲೆಯಿಂದ ತೊಟ್ಟಿಕ್ಕುತ್ತಿದ್ದ ನೀರು ಒರೆಸಿಕೊಳ್ಳಲಿಲ್ಲ.

"ಅಲ್ವೇ, ನನಗೆ ಕಣ್ಣು ಹೋದ ದಿನ ನಾನೇನು ಮಾಡ್ದೆ? ಸಾಲಿನ ನಡುವೆ ನಿಂತು 'ನನಗೆ ಕಣ್ಣು ಕಾಣಲ್ಲ ಕಣ್ರೋ, ಕೈ ಹಿಡ್ಕೊಳ್ಳಿ' ಅಂತ ಕೂಗ್ದೆ. ಅವತ್ತು ಮನೆ ತನಕ ಕೈ ಹಿಡ್ದು ಕರ್ಕೊಂಡು ಬಂದೋಳು ಯಾರು ಗೊತ್ತಾ? ನಿನಗೆ ಹೇಳ್ಲಿಲ್ಲ. ನೀನು ಅವಳ ಹೆಸರೆತ್ತಿದ್ರೆ ಉರಿದು ಬೀಳ್ತಿದ್ದೆ. ನೀನು ಮೂಗು ಕಳ್ಕೊಂಡು ಮೂರು ತಿಂಗಳು ಕಳ್ಳಿ ಹಾಗೆ ಬಾಳ್ದೆ. ಹೆತ್ತ ತಾಯಿಗೂ ಹೇಳದೆ ಹೊಳೆಗೆ ಹೇಳೋಕೆ ಹೋದ್ಯಾ?"

ಅಳುತ್ತಿದ್ದಳು. ಅಮ್ಮ ಅಳುವುದನ್ನು ನಾನು ನೋಡಿರಲಿಲ್ಲ. ಚೊಂಬು ತಡಕಿ ನನ್ನ ಕೈಗಿಟ್ಟು "ಉಳಿದ ನೀರು ಹಾಕು, ಚಳಿ ಆಗ್ತಿದೆ" ಅಂದಳು.

ಜೂನ್ 24, ಶುಕ್ರವಾರ

ಯೊಲೇಚಿ ಇವತ್ತು ಬಂದಿದ್ದಳು, ಕತ್ತಿಗೆ ಬಟ್ಟೆ ಸುತ್ತಿಕೊಂಡು. ಅವಳು ಮಾಡಿನ ಕಡೆ ತಿರುಗುವ ಮೊದಲೇ ಹೋಗಿ ಅವಳ ಅಂಗಡಿ ಮುಂದೆ ನಿಂತೆ. ಸುತ್ತ ಎಲ್ಲರ ಕೈ ನಿಂತವು.

"ಯೊಲೇಚಿ, ನನಗೆ ವಾಸನೆ ತಿಳಿಯಲ್ಲ" ಅಂದೆ. "ಮಾರ್ಚ್‌ನಿಂದ."

"ಗೊತ್ತು."

"ಯಾವಾಗಿಂದ ಗೊತ್ತು?"

"ಏಪ್ರಿಲ್‌ನಿಂದ. ನಿನ್ನ ಹಲಗೆ ಕೆಳಗೆ ಹೆಗ್ಗಣ ಸತ್ತಿತ್ತು. ಇಡೀ ಸಾಲು ಮೂಗು ಮುಚ್ಕೊಂಡು ಓಡಾಡ್ತಿತ್ತು. ನೀನು ಅದರ ಮೇಲೇ ಕೂತು ಅಸಾಯಿ, ಕರಿದ ಮೀನು ತಿಂದೆ, ಬೆರಳು ಚೀಪ್ಕೊಂಡು."

"ತೆಗ್ದೋರು ಯಾರು?"

"ನಾನೇ. ಎರಡು ದಿನ ಊಟ ಸೇರ್ಲಿಲ್ಲ ನನಗೆ."

"ಮತ್ಯಾರಿಗೆ ಗೊತ್ತು?"

ಅವಳು ಸಾಲಿನ ಉದ್ದಕ್ಕೂ ಕೈ ತೋರಿಸಿದಳು. ಒಬ್ಬೊಬ್ಬರೇ ತಲೆ ತಗ್ಗಿಸಿ ಸೊಪ್ಪು ಕಟ್ಟತೊಡಗಿದರು. ನಾನು ಎಲೆ ಮೂಸಿ ಕಣ್ಣು ಮುಚ್ಚಿ "ಆಹಾ" ಅಂದದ್ದನ್ನೆಲ್ಲ ಇವರು ನೋಡಿದ್ದಾರೆ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನಿನ್ನ ಮೂಗು, ನೀನೇ ಹೇಳ್ಬೇಕು. ನಾವು ಕಾಯ್ತಿದ್ವಿ."

"ನಿನ್ನ ಎರಡು ವರ್ಷದ ಪ್ರಿಪ್ರಿಯೋಕಾ..."

"ಹೋಯ್ತು, ಬಿಡು. ಆ ಹುಲ್ಲಿನ ನೀರು ಮಾರಿದ್ರೆ ಮಾನ ಹೋಗ್ತಿದ್ದದ್ದು ನಿನ್ನೊಬ್ಬಳದ್ದಾ? ಸಾಲಿಗೆಲ್ಲ ಹೋಗ್ತಿತ್ತು" ಅಂದಳು. ಕೆಮ್ಮಿದಳು. ನಾನು ಅವಳ ಬೆನ್ನು ತಟ್ಟಬೇಕೋ ಬೇಡವೋ ತಿಳಿಯದೆ ನಿಂತೆ.

ಅಷ್ಟರಲ್ಲಿ ನನ್ನ ಅಂಗಡಿ ಮುಂದೆ ಒಬ್ಬಳು ಗಿರಾಕಿ ಬಂದು ನಿಂತಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಆಫೀಸಿನ ಹೆಂಗಸು. ಉಳಿದಿದ್ದ ಕೊನೆಯ ಬಾಟಲಿ ಎತ್ತಿ "ಇದು ಚೆನ್ನಾಗಿದೆಯಾ?" ಅಂತ ಕೇಳಿದಳು. ನಾನು ಮುಚ್ಚಳ ತೆಗೆದೆ. ಅದನ್ನು ಒಯ್ದು ಯೊಲೇಚಿಯ ಮೂಗಿಗೆ ಹಿಡಿದೆ.

"ಇದು ಹುಳಿ ಬಂದಿದೆ, ಚೆಲ್ಲು" ಅಂದಳು ಯೊಲೇಚಿ.

ಚರಂಡಿಗೆ ಚೆಲ್ಲಿದೆ. ಬಿಳಿ ಅಂಗಿಯವಳು ಬಾಯಿ ಬಿಟ್ಟು ನೋಡುತ್ತಿದ್ದಳು. "ನನಗೆ ವಾಸನೆ ತಿಳಿಯಲ್ಲಮ್ಮ" ಅಂದೆ, ಮೀನಿನ ಕಟ್ಟೆಯವರೆಗೂ ಕೇಳುವಂತೆ. "ಇನ್ಮೇಲೆ ಇವಳು ಮೂಸ್ತಾಳೆ, ನಾನು ಕಲೆಸ್ತೀನಿ."

ಅವಳು ನನ್ನನ್ನೂ ಯೊಲೇಚಿಯನ್ನೂ ನೋಡಿದಳು, ಚೀಲವನ್ನು ಹೆಗಲಿಗೇರಿಸಿದಳು, ಏನೂ ಕೊಳ್ಳದೆ ಹೊರಟುಹೋದಳು. ಅವಳ ಹಿಂದೆಯೇ ಇನ್ನೊಬ್ಬಳು ಬಂದು ನಿಂತಳು. ಅವಳಿಗೂ ಅದನ್ನೇ ಹೇಳಿದೆ.